ಆಸಿಡ್ ಬಾಟಲಿಗೆ ಹೆದರಿ, ಸ್ಪಿರಿಟ್ ದೀಪದ ಮುಂದೆ ಮೈಮರೆತರೆ: ಶಾಲೆಯ ಪ್ರಯೋಗಾಲಯದ ಅಪಾಯಗಳು

ಪ್ರಯೋಗಾಲಯದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ವಸ್ತು ಯಾವುದು ಎಂದು ಒಂಬತ್ತನೇ ತರಗತಿಯ ಯಾವ ಮಗುವನ್ನು ಕೇಳಿದರೂ ‘ಆಸಿಡ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಆ ಹೆದರಿಕೆಯೇ ಆಸಿಡ್ ಬಾಟಲಿಗೆ ಅರ್ಧ ಕಾವಲು ಕಾಯುತ್ತದೆ. ಎಲ್ಲರೂ ಅದರಿಂದ ಒಂದು ಮಾರು ದೂರ ನಿಲ್ಲುತ್ತಾರೆ, ಮೇಷ್ಟ್ರು ತಾವೇ ಸುರಿದು ಕೊಡುತ್ತಾರೆ. ದೇವರ ಮನೆಯ ದೀಪದಂತೆ ಕಾಣುವ ಸ್ಪಿರಿಟ್ ಲ್ಯಾಂಪು, ಸಬ್ಬಕ್ಕಿಯಂತೆ ಬೆಳ್ಳಗಿರುವ ಕಾಸ್ಟಿಕ್ ಸೋಡಾ, ಆಗಷ್ಟೇ ಉರಿಯಿಂದ ಇಳಿಸಿದ ಪ್ರನಾಳ, ಬಾಯಿಂದ ಎಳೆಯುವ ಪಿಪೆಟ್ಟು, ಇವುಗಳ ಮುಂದೆ ಆ ಎಚ್ಚರ ಇರುವುದಿಲ್ಲ. ಗೋಡೆಯ ಮೇಲೆ ತೂಗುಹಾಕಿದ ‘ಸುರಕ್ಷತಾ ನಿಯಮಗಳು’ ಫಲಕದಲ್ಲಿ ಏನು ಮಾಡಬಾರದು ಎಂಬುದು ಇರುತ್ತದೆ, ಯಾಕೆ ಎಂಬುದು ಇರುವುದಿಲ್ಲ. ಯಾಕೆಂದು ಗೊತ್ತಿಲ್ಲದ ನಿಯಮ ಪರೀಕ್ಷೆ ಮುಗಿಯುವವರೆಗೂ ನೆನಪಿರುವುದು ಕಷ್ಟ.

ಸ್ಪಿರಿಟ್ ಎಂಬ ಸಾಧು

ಗ್ಯಾಸ್ ಸಂಪರ್ಕ ಇಲ್ಲದ ಎಷ್ಟೋ ಪ್ರೌಢಶಾಲೆಗಳಲ್ಲಿ ಬಿಸಿ ಮಾಡಲು ಇರುವುದು ಸ್ಪಿರಿಟ್ ದೀಪವೊಂದೇ. ಒಳಗಿರುವುದು ಎಥನಾಲ್. ಕುಡಿಯಲು ಬಾರದಿರಲಿ ಎಂದು ಅದಕ್ಕೆ ಸಾಮಾನ್ಯವಾಗಿ ಮೆಥನಾಲ್ ಬೆರೆಸಿರುತ್ತಾರೆ.

ಇಲ್ಲಿ ತಿಳಿದಿರಬೇಕಾದ ಮೊದಲ ಸಂಗತಿ, ಹತ್ತಿಕೊಳ್ಳುವುದು ದ್ರವದ ಮೇಲೆ ಏಳುವ ಆವಿ. ಗಾಳಿಯಲ್ಲಿ ಎಥನಾಲ್ ಆವಿಯ ಪ್ರಮಾಣ ಸುಮಾರು 3.3ರಿಂದ 19 ಶೇಕಡಾದ ನಡುವೆ ಇದ್ದರೆ ಕಿಡಿ ತಾಗಿದ ಕೂಡಲೇ ಭಗ್ಗೆನ್ನುತ್ತದೆ. ಅದಕ್ಕಿಂತ ಕಡಿಮೆಯಾದರೆ ಉರಿಯಲು ಸಾಲದು, ಹೆಚ್ಚಾದರೆ ಗಾಳಿ ಸಾಲದು. ಈಗ 30 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಕೋಣೆಯಲ್ಲಿ ಮುಚ್ಚಿಟ್ಟ ಸ್ಪಿರಿಟ್ ಕ್ಯಾನನ್ನು ನೋಡಿ. ದ್ರವದ ಮೇಲಿನ ಖಾಲಿ ಜಾಗದಲ್ಲಿ ಆವಿ ಸುಮಾರು 10 ಶೇಕಡಾ ಇರುತ್ತದೆ. ನಮ್ಮ ಊರುಗಳ ಮಾಮೂಲಿ ಹವೆಯಲ್ಲಿ ಅದು ಸರಿಯಾಗಿ ಹತ್ತಿಕೊಳ್ಳುವ ಹದ. ತುಂಬಿದ ಕ್ಯಾನಿಗಿಂತ ತಳ ಕಂಡ ಕ್ಯಾನು ಹೆಚ್ಚು ಕೆಟ್ಟದ್ದು, ಏಕೆಂದರೆ ಅದರಲ್ಲಿ ಈ ಹದದ ಆವಿಗೆ ಜಾಗ ಹೆಚ್ಚು. ಬೈಕಿನ ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಪೆಟ್ರೋಲ್ ಆವಿ ಅಲ್ಲಿ ಎಷ್ಟು ದಟ್ಟವಾಗಿರುತ್ತದೆಂದರೆ ಉರಿಯಲು ಗಾಳಿಯೇ ಉಳಿದಿರುವುದಿಲ್ಲ. ಈ ಮಟ್ಟಿಗೆ ಸ್ಪಿರಿಟ್ಟು ಪೆಟ್ರೋಲಿಗಿಂತ ಮೋಸಗಾರ.

ಎರಡನೆಯದು, ಸ್ಪಿರಿಟ್ಟಿನ ಜ್ವಾಲೆ ತೆಳು ನೀಲಿ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿದ್ದರೆ ದೀಪ ಉರಿಯುತ್ತಿದೆಯೋ ಆರಿದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ದೀಪ ಆರಿತೆಂದು ತಿಳಿದು ಯಾರೋ ಕ್ಯಾನಿನಿಂದ ಸ್ಪಿರಿಟ್ ಸುರಿಯುತ್ತಾರೆ. ಕಾಣದ ಜ್ವಾಲೆ ಸುರಿಯುವ ಧಾರೆಗುಂಟ ಕ್ಯಾನಿನ ಬಾಯಿಗೆ ಏರುತ್ತದೆ. ಒಳಗಿನ ಆವಿ ಒಮ್ಮೆಲೇ ಹೊತ್ತಿ ಹಿಗ್ಗುತ್ತದೆ, ಉಳಿದ ದ್ರವವನ್ನು ಉರಿಯುತ್ತಿರುವಂತೆಯೇ ಪಿಚಕಾರಿಯ ಹಾಗೆ ಹೊರಗೆ ಚಿಮ್ಮಿಸುತ್ತದೆ. ಕ್ಯಾನು ಹಿಡಿದವರಿಗಿಂತ ಕ್ಯಾನಿನ ಬಾಯಿಯ ಎದುರು ಕೂತವರಿಗೇ ಹೆಚ್ಚು ಸುಡುವುದು ಇದರಿಂದ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರೌಢಶಾಲೆಯೊಂದರಲ್ಲಿ ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರದರ್ಶನದ ನಡುವೆ ದೊಡ್ಡ ಕ್ಯಾನಿನಿಂದ ಮೆಥನಾಲ್ ಸುರಿದಾಗ ಬೆಂಕಿ ಹಾರಿ ಇಬ್ಬರು ವಿದ್ಯಾರ್ಥಿಗಳು ಸುಟ್ಟುಕೊಂಡರು. ಅದೇ ವರ್ಷ ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಇಂಥ ಪ್ರದರ್ಶನಗಳ ಬಗ್ಗೆ ಪ್ರತ್ಯೇಕ ಎಚ್ಚರಿಕೆಯನ್ನೇ ಹೊರಡಿಸಿತು.

ಹಾಗಾಗಿ ದೀಪಕ್ಕೆ ಸ್ಪಿರಿಟ್ ತುಂಬುವ ಕೆಲಸ ತರಗತಿ ಶುರುವಾಗುವ ಮುಂಚೆಯೇ ಮುಗಿದಿರಬೇಕು, ಮಕ್ಕಳು ಇಲ್ಲದಾಗ, ಕೋಣೆಯಲ್ಲಿ ಎಲ್ಲೂ ಉರಿ ಇಲ್ಲದಾಗ. ಆಲಿಕೆ ಇಟ್ಟು ಮೂರರಲ್ಲಿ ಎರಡು ಪಾಲು ತುಂಬಿ, ಹೊರಗೆ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕೋಣೆಯಿಂದ ಹೊರಗೆ ಹಾಕಿ. ಬತ್ತಿ ಅರ್ಧ ಸೆಂಟಿಮೀಟರಿನಷ್ಟು ಹೊರಗಿದ್ದರೆ ಸಾಕು, ಬತ್ತಿ ಹಿಡಿಯುವ ಬಿಲ್ಲೆ ಸಡಿಲವಾಗಿರಕೂಡದು. ತರಗತಿಯ ನಡುವೆ ಒಂದು ದೀಪ ಖಾಲಿಯಾದರೆ ಅದನ್ನು ಮುಚ್ಚಿ ಬದಿಗಿಟ್ಟು ತುಂಬಿಟ್ಟ ಇನ್ನೊಂದು ದೀಪ ಕೊಡಿ. ದೊಡ್ಡ ಕ್ಯಾನು ಬೀಗ ಹಾಕಿದ ಕಪಾಟಿನಲ್ಲೇ ಇರಲಿ, ಪ್ರಯೋಗದ ಮೇಜಿಗೆ 100 ಮಿಲೀಗಿಂತ ದೊಡ್ಡ ಬಾಟಲಿ ಬರಬಾರದು. ಒಂದು ದೀಪದಿಂದ ಇನ್ನೊಂದನ್ನು ಹಚ್ಚುವುದು ಬೇಡ. ದೀಪಾವಳಿಯ ಹಣತೆಗೆ ಅದು ಸರಿ, ಇಲ್ಲಿ ದೀಪ ಓರೆಯಾದರೆ ಬತ್ತಿಯ ಸುತ್ತಲಿಂದ ಸ್ಪಿರಿಟ್ ಸೋರುತ್ತದೆ. ಆರಿಸುವಾಗ ಉಫ್ ಎಂದು ಊದಿದರೆ ಜ್ವಾಲೆ ಒಳಗಿನ ಆವಿಯತ್ತ ಒತ್ತಿಹೋಗಬಹುದು. ಮುಚ್ಚಳ ಹಾಕಿ, ತೆಗೆದು ನೋಡಿ, ಮತ್ತೊಮ್ಮೆ ಹಾಕಿ.

ಜೀವಶಾಸ್ತ್ರದ ಪಾಠದಲ್ಲಿ ಅಡಗಿರುವ ರಸಾಯನ ಅಪಾಯವೊಂದಿದೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡಲು ಅದರ ಹಸಿರನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ತೆಗೆಯುವ ಪ್ರಯೋಗ. ಸ್ಪಿರಿಟ್ ಬೀಕರನ್ನು ನೇರವಾಗಿ ಉರಿಯ ಮೇಲಿಡಬಾರದು, ನೀರಿನ ಪಾತ್ರೆಯೊಳಗೆ ಇಡಬೇಕು ಎಂಬುದು ಪುಸ್ತಕದಲ್ಲೂ ಇದೆ. ಆದರೆ ಆ ನೀರಿನ ಕೆಳಗೆ ಉರಿ ಹಾಗೇ ಇದ್ದರೆ? ಎಥನಾಲ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬೀಕರಿನ ಅಂಚಿನಿಂದ ಕೆಳಗಿಳಿದು, ತ್ರಿಪಾದಿಯ ಪಕ್ಕದಲ್ಲಿ ಜಾರಿ, ನೇರ ಜ್ವಾಲೆಗೇ ಬಂದು ಸೇರುತ್ತದೆ. ಇದನ್ನು ತಪ್ಪಿಸುವ ದಾರಿ ಸುಲಭ. ದೊಡ್ಡ ಬೀಕರಿನಲ್ಲಿ 400–500 ಮಿಲೀ ನೀರು ಕುದಿಸಿ, ಎಲೆಯನ್ನು ಒಂದು ನಿಮಿಷ ಅದರಲ್ಲಿ ಮುಳುಗಿಸಿ ಮೆತ್ತಗೆ ಮಾಡಿ. ಆಮೇಲೆ ಉರಿ ಆರಿಸಿ, ದೀಪವನ್ನು ಮೇಜಿನಿಂದಲೇ ತೆಗೆಯಿರಿ. ಅದಾದ ಮೇಲಷ್ಟೇ ಸ್ಪಿರಿಟ್ ಬಾಟಲಿ ತೆರೆಯಬೇಕು. ದಪ್ಪ ಪ್ರನಾಳದಲ್ಲಿ ಎಲೆ ಮತ್ತು 10–15 ಮಿಲೀ ಸ್ಪಿರಿಟ್ ಹಾಕಿ ಬಿಸಿನೀರಿನಲ್ಲಿ ನಿಲ್ಲಿಸಿ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಕುದಿದಿಳಿಸಿದ ನೀರು ಅದನ್ನು ನಾಲ್ಕೈದು ನಿಮಿಷ ಆರಾಮವಾಗಿ ಕುದಿಸುತ್ತದೆ. ಹಸಿರು ಪೂರ್ತಿ ಹೋಗದಿದ್ದರೆ ನೀರನ್ನು ಬದಲಿಸಿದರಾಯಿತು.

ಬೀಕರಿನ ಬಾಯಲ್ಲೇ ಬೆಂಕಿ ಹತ್ತಿದರೆ ಎತ್ತಿಕೊಂಡು ಓಡಬೇಡಿ. ಒಂದು ಟೈಲನ್ನೋ ಗಾಜಿನ ತಟ್ಟೆಯನ್ನೋ ಮೇಲೆ ಸರಿಸಿ ಮುಚ್ಚಿದರೆ ಗಾಳಿಯಿಲ್ಲದೆ ತಾನೇ ಆರುತ್ತದೆ. ಮೇಜಿನ ಮೇಲೆ ಹರಿದಿದ್ದರೆ ಮರಳು, ಇಲ್ಲವೇ ಒಣಪುಡಿಯ ಅಗ್ನಿಶಾಮಕ. ಮೈಮೇಲಿನ ಬಟ್ಟೆಗೆ ಹತ್ತಿದರೆ ನೆಲಕ್ಕೆ ಮಲಗಿಸಿ ಕಂಬಳಿ ಹೊದಿಸಿ ಉರುಳಿಸಬೇಕು. ಮೂಲೆಯಲ್ಲಿ ಒಂದು ಉಣ್ಣೆಯ ಕಂಬಳಿ ಇಟ್ಟುಕೊಳ್ಳುವುದು ಯಾವ ಶಾಲೆಗೂ ಭಾರವಲ್ಲ. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಕರಗಿ ಅಂಟುವುದೂ ಇಲ್ಲ. ನೈಲಾನ್, ಪಾಲಿಯೆಸ್ಟರ್ ಹಾಗಲ್ಲ, ಕರಗಿ ಚರ್ಮಕ್ಕೆ ಮೆತ್ತಿಕೊಳ್ಳುತ್ತವೆ. ಲ್ಯಾಬ್ ದಿನ ಹತ್ತಿ ಬಟ್ಟೆ ಒಳ್ಳೆಯದು ಎನ್ನುವುದು ಇದಕ್ಕೇ. ದುಪ್ಪಟ್ಟಾಕ್ಕೆ ಎರಡೂ ಬದಿ ಪಿನ್ನು, ಜಡೆ ಹಿಂದಕ್ಕೆ. ಪಾಠ ಮಾಡುವವರ ಸೀರೆಯ ಸೆರಗಿಗೂ ಇದೇ ಮಾತು, ಅದನ್ನು ಹೇಳಲು ಮಕ್ಕಳಿಗೆ ಸಂಕೋಚ.

ಬೆಳ್ಳಗಿನ ಸಬ್ಬಕ್ಕಿ

ಕಣ್ಣಿಗೆ ಆಸಿಡ್ ಬಿದ್ದರೆ ಹೆಚ್ಚೋ, ಕಾಸ್ಟಿಕ್ ಸೋಡಾ ಬಿದ್ದರೆ ಹೆಚ್ಚೋ? ಮುಕ್ಕಾಲು ಮಂದಿ ಆಸಿಡ್ ಎನ್ನುತ್ತಾರೆ. ಸಾಮಾನ್ಯವಾಗಿ ಕಾಸ್ಟಿಕ್ ಸೋಡಾವೇ ಹೆಚ್ಚು ಹಾನಿ ಮಾಡುತ್ತದೆ. ಆಮ್ಲ ತಾಗಿದಾಗ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ ಒಂದು ತಡೆಯಂತೆ ನಿಲ್ಲುತ್ತದೆ, ಹಾಲಿಗೆ ನಿಂಬೆರಸ ಬಿದ್ದರೆ ಒಡೆದು ಗಟ್ಟಿಯಾಗುವ ಹಾಗೆ. ಕ್ಷಾರಕ್ಕೆ ಅಂಥ ತಡೆ ಎದುರಾಗುವುದಿಲ್ಲ. ಅದು ಜೀವಕೋಶದ ಕೊಬ್ಬನ್ನು ಸಾಬೂನಾಗಿಸಿ, ಪ್ರೋಟೀನನ್ನು ಕರಗಿಸಿ, ಒಳಒಳಗೆ ಇಳಿಯುತ್ತಲೇ ಹೋಗುತ್ತದೆ. ಕಾಸ್ಟಿಕ್ ಸೋಡಾ ದ್ರಾವಣ ಬೆರಳಿಗೆ ತಾಗಿದಾಗ ಜಾರುಜಾರು ಅನ್ನಿಸುತ್ತದಲ್ಲ, ಆ ಸಾಬೂನಿನಲ್ಲಿ ನಮ್ಮ ಚರ್ಮದ ಕೊಬ್ಬೂ ಇದೆ. ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಅದು ಮಕ್ಕಳ ಕಣ್ಣಿಗೆ ಸಿಡಿಯುವ ಅವಘಡವನ್ನು ಕಣ್ಣಿನ ವೈದ್ಯರು ಚೆನ್ನಾಗಿ ಬಲ್ಲರು. ಅದೂ ಕ್ಷಾರವೇ.

ಪಿಯು ಲವಣ ವಿಶ್ಲೇಷಣೆಯಲ್ಲಿ ಅಮೋನಿಯಂ ಇದೆಯೇ ಎಂದು ನೋಡಲು ಲವಣಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಹಾಕಿ ಕಾಯಿಸುತ್ತಾರೆ. ಈ ದ್ರಾವಣಕ್ಕೆ ಒಂದು ಕೆಟ್ಟ ಗುಣ: ಸದ್ದಿಲ್ಲದೆ ಕಾಯುತ್ತಾ ಇದ್ದು, ಇದ್ದಕ್ಕಿದ್ದಂತೆ ಇಡೀ ದ್ರಾವಣ ಪ್ರನಾಳದಿಂದ ಹೊರಗೆ ಎಗರುತ್ತದೆ. ತಳದಲ್ಲಿ ಕೂತ ಪುಡಿಯ ಕೆಳಗೆ ಕುದಿಬಿಂದು ಮೀರಿ ಕಾದ ನೀರು ಒಮ್ಮೆಗೇ ಆವಿಯಾಗಿ, ಮೇಲಿನ ದ್ರವವನ್ನು ಗುಂಡಿನಂತೆ ತಳ್ಳುವುದೇ ಕಾರಣ. ಪ್ರನಾಳದಲ್ಲಿ ದ್ರವ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಹೋಲ್ಡರಿನಿಂದ ಪ್ರನಾಳವನ್ನು ಅದರ ಬಾಯಿಯ ಹತ್ತಿರ ಹಿಡಿದು, ಓರೆ ಮಾಡಿ, ಮೊದಲು ದ್ರವದ ಮೇಲ್ಭಾಗಕ್ಕೆ ಉರಿ ತಾಗಿಸುತ್ತಾ, ಆಮೇಲೆ ಮೆಲ್ಲನೆ ಕೆಳಗೆ ತರಬೇಕು. ಕೈ ಅಲುಗುತ್ತಲೇ ಇರಬೇಕು. ಪ್ರನಾಳದ ಬಾಯಿ ಗೋಡೆಯ ಕಡೆಗಿರಲಿ. ತನ್ನ ಮುಖದಿಂದ ದೂರ ಇಟ್ಟೆ ಎಂದುಕೊಂಡು ಎದುರು ಸಾಲಿನ ಗೆಳತಿಯ ಮುಖಕ್ಕೆ ಗುರಿಯಿಡುವುದು ಲ್ಯಾಬಿನಲ್ಲಿ ದಿನಾ ಕಾಣುವ ದೃಶ್ಯ. ಎದುರುಬದುರು ನಿಲ್ಲುವ ಮೇಜುಗಳಲ್ಲಿ ಸುರಕ್ಷಾ ಕನ್ನಡಕ ಬೇಕಾಗುವುದು ಕಾಯಿಸುವವರಿಗಷ್ಟೇ ಅಲ್ಲ, ಎದುರು ನಿಂತು ಬರೆದುಕೊಳ್ಳುವವರಿಗೂ. ಓದುವ ಕನ್ನಡಕ ಬದಿಯಿಂದ ಬರುವ ಹನಿಯನ್ನು ತಡೆಯುವುದಿಲ್ಲ.

ಕಣ್ಣಿಗೆ ಏನೇ ಸಿಡಿಯಲಿ, ಮದ್ದು ನೀರೊಂದೇ. ರೆಪ್ಪೆಗಳನ್ನು ಬೆರಳಿಂದ ಅಗಲಿಸಿ ಹಿಡಿದು, ಸಣ್ಣಗೆ ಹರಿಯುವ ನಲ್ಲಿ ನೀರಿನಲ್ಲಿ, ಮೂಗಿನ ಕಡೆಯಿಂದ ಹೊರಗೆ ಹರಿಯುವಂತೆ, ಗಡಿಯಾರ ನೋಡಿ ಕನಿಷ್ಠ 15 ನಿಮಿಷ. ಕ್ಷಾರವಾದರೆ ಅರ್ಧ ಗಂಟೆ, ಆಮೇಲೆ ಆಸ್ಪತ್ರೆಯ ದಾರಿಯುದ್ದಕ್ಕೂ. ಹಳೆಯ ಪಟ್ಟಿಗಳಲ್ಲಿ ‘ಆಮ್ಲ ಬಿದ್ದರೆ ಸೋಡಾ ದ್ರಾವಣ, ಕ್ಷಾರ ಬಿದ್ದರೆ ಬೋರಿಕ್ ಆಮ್ಲ’ ಎಂದು ಈಗಲೂ ಇದೆ. ಅದನ್ನು ಹರಿದು ಹಾಕುವುದು ಒಳಿತು. ಆ ದ್ರಾವಣ ಹುಡುಕುವ ಒಂದು ನಿಮಿಷದಲ್ಲಿ ಆಗುವ ಹಾನಿ ದೊಡ್ಡದು, ಕಣ್ಣಿನೊಳಗೇ ತಟಸ್ಥೀಕರಣದ ಬಿಸಿ ಹುಟ್ಟಿಸುವುದೂ ಜಾಣತನವಲ್ಲ. ನಲ್ಲಿಯಲ್ಲಿ ನೀರು ಬರದ ದಿನ? ಆ ದಿನ ಪ್ರಯೋಗವೇ ಬೇಡ.

ಆಸಿಡ್ಡಿಗೆ ಬರೋಣ

‘ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ’ ಎಂಬುದು ಎಲ್ಲರಿಗೂ ಬಾಯಿಪಾಠ. ಕಾರಣ ಸಾಂದ್ರತೆಯಲ್ಲಿದೆ. 98 ಶೇಕಡಾ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ 1.84, ನೀರಿನದು 1. ಆಮ್ಲದ ಮೇಲೆ ನೀರು ಸುರಿದರೆ ಎಣ್ಣೆಯಂತೆ ಮೇಲೇ ತೇಲುತ್ತದೆ. ಎರಡೂ ಸೇರುವ ತೆಳು ಪದರದಲ್ಲಿ ಹುಟ್ಟುವ ಬಿಸಿಯನ್ನೆಲ್ಲ ಆ ಚೂರು ನೀರೇ ಹೀರಬೇಕು. ಅದು ಕ್ಷಣದಲ್ಲಿ ಕುದಿದು, ಆಮ್ಲದ ಹನಿಗಳನ್ನು ಹೊತ್ತು ಸಿಡಿಯುತ್ತದೆ. ನೀರಿಗೆ ಆಮ್ಲ ಸುರಿದರೆ ಆಮ್ಲ ಕೆಳಗಿಳಿಯುತ್ತಾ ಬೆರೆಯುತ್ತದೆ, ಬಿಸಿ ಇಡೀ ನೀರಿಗೆ ಹಂಚಿಹೋಗುತ್ತದೆ.

ಪಿಯು ತರಗತಿಯ ಪರ್ಮಾಂಗನೇಟ್ ಟೈಟ್ರೇಷನ್ನಿಗೆ (ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಪ್ರಮಾಣ ಅಳೆಯುವ ಪ್ರಯೋಗ) ಬೇಕಾಗುವ 2 ನಾರ್ಮಲ್ ಸಾಮರ್ಥ್ಯದ ಸಲ್ಫ್ಯೂರಿಕ್ ಆಮ್ಲ ಒಂದು ಲೀಟರ್ ಮಾಡಲು ಗಾಢ ಆಮ್ಲ ಬೇಕಾಗುವುದು ಸುಮಾರು 56 ಮಿಲೀ ಅಷ್ಟೆ. 2 ಲೀಟರಿನ ಬೋರೋಸಿಲಿಕೇಟ್ (ಬಿಸಿ ತಡೆಯುವ ಗಾಜಿನ) ಬೀಕರಿನಲ್ಲಿ 700 ಮಿಲೀ ನೀರು ತೆಗೆದುಕೊಂಡು, ಬೀಕರನ್ನು ತಣ್ಣೀರಿನ ಟಬ್ಬಿನಲ್ಲಿ ಕೂರಿಸಿ. ಆಮ್ಲವನ್ನು ಗಾಜಿನ ಕಡ್ಡಿಗುಂಟ ಸಣ್ಣ ಧಾರೆಯಾಗಿ ಇಳಿಸುತ್ತಾ ಕಲಕುತ್ತಿರಿ. ಹತ್ತು ಹತ್ತು ಮಿಲೀಗೊಮ್ಮೆ ನಿಲ್ಲಿಸಿ ಬೀಕರಿನ ಹೊರಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಕಾಯಿರಿ. ಪೂರ್ತಿ ತಣಿದ ಮೇಲೆ ಒಂದು ಲೀಟರಿಗೆ ಏರಿಸಿ, ಬಾಟಲಿಗೆ ತುಂಬಿ. ತಪ್ಪಾಗುವುದು ಸಾಮಾನ್ಯವಾಗಿ ಪಾತ್ರೆಯ ಆಯ್ಕೆಯಲ್ಲಿ. ಕೈಗೆ ಸಿಕ್ಕ ಅಳತೆ ಜಾಡಿಯಲ್ಲೋ ಬಾಟಲಿಯಲ್ಲೋ ನೇರವಾಗಿ ಬೆರೆಸುತ್ತಾರೆ. ಆ ದಪ್ಪ ಮಾಮೂಲಿ ಗಾಜು ಬೋರೋಸಿಲಿಕೇಟಿಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಒಳಮೈ ಕಾದು ಹಿಗ್ಗಿ, ಹೊರಮೈ ತಣ್ಣಗೇ ಇದ್ದು, ನಡುವೆ ತಳ ಬಿಟ್ಟುಕೊಳ್ಳುತ್ತದೆ.

ಇದೇ ಟೈಟ್ರೇಷನ್ನಿನಲ್ಲಿ ಇನ್ನೊಂದು ಬಲೆ. ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಆಮ್ಲದ ಬಾಟಲಿಯೂ ಗಾಢ ಆಮ್ಲದ ಬಾಟಲಿಯೂ ಒಂದೇ ಅಳತೆ, ಒಂದೇ ಗಾಜು, ಅರ್ಧ ಅಳಿಸಿಹೋದ ಚೀಟಿ. ಆಕ್ಸಾಲಿಕ್ ಆಮ್ಲದ ಬಿಸಿ ದ್ರಾವಣಕ್ಕೆ ಯಾರಾದರೂ ಗಾಢ ಆಮ್ಲ ಸುರಿದರೆ ಅದು ಸಿಡಿಯುತ್ತದೆ. ಗಾಢ ಆಮ್ಲ ಪರ್ಮಾಂಗನೇಟಿನ ಹರಳಿಗೇ ಸೇರಿದರಂತೂ ಹಸಿರು ಎಣ್ಣೆಯಂಥ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಹುಟ್ಟುತ್ತದೆ, ಸ್ವಲ್ಪ ಬಿಸಿಗೇ ಸ್ಫೋಟಿಸುವ ವಸ್ತು. ಟೈಟ್ರೇಷನ್ ದಿನ ಗಾಢ ಆಮ್ಲ ವಿದ್ಯಾರ್ಥಿಗಳ ಶೆಲ್ಫಿನಲ್ಲಿ ಇರಲೇಬಾರದು. ಲವಣ ವಿಶ್ಲೇಷಣೆಯ ದಿನ ಇರಬೇಕಾದರೆ 30 ಮಿಲೀ ಡ್ರಾಪರ್ ಬಾಟಲಿಯಲ್ಲಿ, ತಟ್ಟೆಯೊಳಗೆ, ಕೆಂಪು ಚೀಟಿಯೊಂದಿಗೆ. ಆಮ್ಲದ ಹೊಗೆ ಚೀಟಿಯನ್ನು ತಿನ್ನುತ್ತದೆ. ಮೇಲೊಂದು ಸೆಲ್ಲೋಟೇಪ್ ಸುತ್ತಿದರೆ ಎರಡು ವರ್ಷ ಬಾಳುತ್ತದೆ.

ಮೈಮೇಲೆ ಆಮ್ಲ ಬಿದ್ದರೆ ಬಟ್ಟೆ ಕಳಚಿ, ನಲ್ಲಿ ಪೂರ್ತಿ ತಿರುಗಿಸಿ, ಧಾರಾಳ ನೀರು. ಅಡುಗೆ ಸೋಡಾ ಮೇಜಿನ ಮೇಲೆ ಚೆಲ್ಲಿದ ಆಮ್ಲಕ್ಕೆ ಇರಲಿ.

ಮೂಗಿಗೆ ಗೊತ್ತಾಗದ ಲೆಕ್ಕ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠದಲ್ಲಿ ಲೆಡ್ ನೈಟ್ರೇಟನ್ನು ಕಾಯಿಸಿ ಕಂದು ಹೊಗೆ ನೋಡುವ ಚಟುವಟಿಕೆಯಿದೆ. ತೆಗೆದುಕೊಳ್ಳಬೇಕಾದ್ದು 2 ಗ್ರಾಂ. ಸಣ್ಣ ಮೊತ್ತವೇ. ಲೆಕ್ಕ ಹಾಕಿ ನೋಡೋಣ. 331 ಗ್ರಾಂ ಲೆಡ್ ನೈಟ್ರೇಟ್ ಪೂರ್ತಿ ವಿಭಜನೆಯಾದರೆ 92 ಗ್ರಾಂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. 2 ಗ್ರಾಮಿಗೆ ಸುಮಾರು 0.55 ಗ್ರಾಂ. ಲ್ಯಾಬು 10 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರ ಎಂದುಕೊಳ್ಳಿ, 240 ಘನ ಮೀಟರ್. ಕಿಟಕಿ ಮುಚ್ಚಿದ್ದರೆ ಒಂದೇ ಪ್ರನಾಳದ ಹೊಗೆ ಘನ ಮೀಟರಿಗೆ 2.3 ಮಿಲಿಗ್ರಾಂ ಆಗುತ್ತದೆ. ಕೆಲಸಗಾರರು 15 ನಿಮಿಷ ಉಸಿರಾಡಬಹುದಾದ ಮಿತಿ ಎಂದು ಕೆಲಸದ ಸ್ಥಳದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವುದು 1.8 ಮಿಲಿಗ್ರಾಂ. ಒಂದು ಪ್ರನಾಳಕ್ಕೇ ಮಿತಿ ದಾಟಿತು. ಹದಿನೈದು ಗುಂಪುಗಳು ಒಟ್ಟಿಗೆ ಮಾಡಿದರೆ ಸುಮಾರು 35 ಮಿಲಿಗ್ರಾಂ, ಮಿತಿಯ ಹತ್ತೊಂಬತ್ತು ಪಟ್ಟು.

ಈ ಅನಿಲದ ದುರ್ಗುಣ ಅದು ತಡವಾಗಿ ಬಡಿಯುವುದು. ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು, ಗಂಟಲುರಿ, ಅಷ್ಟೆ. ಹೆಚ್ಚು ಒಳಗೆ ಹೋಗಿದ್ದರೆ ಕೆಲವು ಗಂಟೆಗಳ ನಂತರ, ಮನೆಗೆ ಹೋಗಿ ಮಲಗಿದ ಮೇಲೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆದ್ದರಿಂದ ಈ ಪ್ರಯೋಗವನ್ನು ಶಿಕ್ಷಕರೊಬ್ಬರೇ ಮಾಡಿ ತೋರಿಸಲಿ, ಗಾಳಿ ಹೊರಮುಖವಾಗಿ ಬೀಸುವ ಕಿಟಕಿಯ ಬಳಿ ಅಥವಾ ಜಗುಲಿಯಲ್ಲಿ. 2 ಗ್ರಾಂ ಬೇಕಾಗಿಯೂ ಇಲ್ಲ. 0.2 ಗ್ರಾಂ ಕಾಯಿಸಿದರೂ ಸುಮಾರು 30 ಮಿಲೀ ಕಂದು ಅನಿಲ ಹುಟ್ಟುತ್ತದೆ, ದಪ್ಪ ಪ್ರನಾಳದಲ್ಲಿ ಹಿಂದಿನ ಬೆಂಚಿಗೂ ಕಾಣುತ್ತದೆ. ಪುಸ್ತಕದ ಅಳತೆಯನ್ನು ಹತ್ತರಲ್ಲೊಂದು ಮಾಡಿದರೆ ಅಂಕವೇನೂ ಕಡಿಮೆಯಾಗುವುದಿಲ್ಲ.

ಹೈಡ್ರೋಜನ್ ಸಲ್ಫೈಡ್ ಅನಿಲ ತಯಾರಿಸಲು ಕಿಪ್ಸ್ ಉಪಕರಣ ಇನ್ನೂ ಬಳಸುವ ಲ್ಯಾಬುಗಳಿಗೆ ಒಂದು ಮಾತು. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆ ಅತಿ ಸಣ್ಣ ಪ್ರಮಾಣದಲ್ಲೇ ಮೂಗಿಗೆ ಬಡಿಯುತ್ತದೆ. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು ಸಮೀಪಿಸಿದಾಗ ವಾಸನೆ ಹಿಡಿಯುವ ನರವೇ ಸೋಲುತ್ತದೆ. ಇದ್ದ ವಾಸನೆ ತಟ್ಟನೆ ಹೋಯಿತೆಂದರೆ ಅನಿಲ ಹೋಯಿತೆಂದು ನಂಬಬೇಡಿ, ಹೊರಗೆ ನಡೆಯಿರಿ. ಉಪಕರಣ ಕೋಣೆಯ ಹೊರಗಿರಲಿ, ಅನಿಲ ಹಾಯಿಸುವುದು ಕೆಲವೇ ಸೆಕೆಂಡು ಸಾಕು. ಯಾವುದರ ವಾಸನೆ ನೋಡುವುದಿದ್ದರೂ ಪ್ರನಾಳಕ್ಕೆ ಮೂಗು ಒಡ್ಡದೆ, ಅಂಗೈಯಿಂದ ಆವಿಯನ್ನು ಮೆಲ್ಲಗೆ ಬೀಸಿಕೊಳ್ಳಿ.

ಬಯಲುಸೀಮೆಯ ಬೇಸಿಗೆಗೆ ಸೇರಿದ್ದು ಇನ್ನೊಂದು. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ ಕಪಾಟಿನೊಳಗೆ ಕಾದ ಅಮೋನಿಯಾ ಬಾಟಲಿಯಲ್ಲಿ ಒತ್ತಡ ಏರಿರುತ್ತದೆ. ತೆರೆಯುವ ಮುಂಚೆ ಅರ್ಧ ಗಂಟೆ ತಣ್ಣೀರಿನಲ್ಲಿ ನಿಲ್ಲಿಸಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ಮುಖ ತಿರುಗಿಸಿ ಬಿಚ್ಚಿ. ಅಮೋನಿಯಾವನ್ನು ಹೈಡ್ರೋಕ್ಲೋರಿಕ್ ಆಮ್ಲದ ಪಕ್ಕ ಇಟ್ಟಿದ್ದರೆ ಬಾಟಲಿಗಳ ಮೇಲೆಲ್ಲ ಬಿಳಿ ಪುಡಿ ಕೂತಿರುತ್ತದೆ. ಅದು ಧೂಳಲ್ಲ, ಎರಡೂ ಬಾಟಲಿ ಸೋರುತ್ತಿರುವುದಕ್ಕೆ ಸಾಕ್ಷಿ. ಅಕ್ಷರಾನುಕ್ರಮದಲ್ಲಿ ಜೋಡಿಸುವ ಅಚ್ಚುಕಟ್ಟುತನ ರಾಸಾಯನಿಕಗಳಿಗೆ ಒಗ್ಗುವುದಿಲ್ಲ. ಆಮ್ಲ ಒಂದು ಕಡೆ, ಕ್ಷಾರ ಇನ್ನೊಂದು ಕಡೆ, ಉರಿಯುವಂಥವು ಮೂರನೆಯ ಕಡೆ. ನೈಟ್ರಿಕ್ ಆಮ್ಲವನ್ನು ಅಸಿಟಿಕ್ ಆಮ್ಲದಿಂದಲೂ ಸ್ಪಿರಿಟ್ಟಿನಿಂದಲೂ ದೂರವೇ ಇಡಬೇಕು. ಗಾಢ ಆಮ್ಲಗಳು ನೆಲಕ್ಕೆ ಹತ್ತಿರದ ಹಲಗೆಯಲ್ಲಿ, ಪ್ಲಾಸ್ಟಿಕ್ ತಟ್ಟೆಯೊಳಗೆ. ತಲೆಗಿಂತ ಎತ್ತರದಲ್ಲಿಟ್ಟ ಬಾಟಲಿ ಜಾರಿದರೆ ಮುಖದ ಮೇಲೇ ಬರುತ್ತದೆ.

ಬನ್ಸನ್ ಬರ್ನರಿಗೆ ಅಡುಗೆ ಅನಿಲ ಬಳಸುವ ಕಡೆ ಸಿಲಿಂಡರ್ ಕೋಣೆಯ ಹೊರಗಿರಬೇಕು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ಮೂಲೆಯಲ್ಲಿ ತಂಗುತ್ತದೆ. ಹಚ್ಚುವಾಗ ಗಾಳಿ ಕಿಂಡಿ ಮುಚ್ಚಿ, ಮೊದಲು ಕಡ್ಡಿ ಗೀರಿ, ಆಮೇಲೆ ಅನಿಲ ಬಿಡಿ. ಜ್ವಾಲೆ ಕೊಳವೆಯೊಳಗೇ ಇಳಿದು ಬುಸುಗುಟ್ಟಿದರೆ ಅನಿಲ ನಿಲ್ಲಿಸಿ, ತಣಿಯಲು ಬಿಡಿ, ಕಿಂಡಿಯನ್ನು ಕಿರಿದು ಮಾಡಿ ಮತ್ತೆ ಹಚ್ಚಿ. ವಾಸನೆ ಬಂದರೆ ಫ್ಯಾನಿನ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಗಾಜು, ಬಾಯಿ, ಸೋಡಿಯಂ

ರಬ್ಬರ್ ಬಿರಡೆಗೆ ಗಾಜಿನ ಕೊಳವೆ ತೂರಿಸುವಾಗ ಅಂಗೈ ಸೀಳಿಕೊಳ್ಳುವವರು ಕೊಳವೆಯನ್ನು ದೂರದಿಂದ ಹಿಡಿದು ಒತ್ತಿರುತ್ತಾರೆ. ಉದ್ದ ಹೆಚ್ಚಾದಷ್ಟೂ ಬಾಗುವ ಬಲ ಹೆಚ್ಚು, ಗಾಜು ಬಾಗುವುದಿಲ್ಲ, ಮುರಿಯುತ್ತದೆ. ಕೊಳವೆಯ ತುದಿಯನ್ನು ಉರಿಯಲ್ಲಿ ನುಣುಪು ಮಾಡಿ ತಣಿಸಿ, ಸಾಬೂನು ನೀರೋ ಗ್ಲಿಸರಿನ್ನೋ ಹಚ್ಚಿ, ಎರಡೂ ಕೈಗೆ ದಪ್ಪ ಬಟ್ಟೆ ಸುತ್ತಿ, ಬಿರಡೆಯಿಂದ ಎರಡು ಬೆರಳು ದೂರದಲ್ಲಿ ಹಿಡಿದು ತಿರುಗಿಸುತ್ತಾ ಒಳಗೆ ಬಿಡಿ. ಬಿಸಿ ಗಾಜು ನೋಡಲು ತಣ್ಣನೆಯ ಗಾಜಿನಂತೆಯೇ. ಮುಟ್ಟುವ ಮುಂಚೆ ಹಿಂಗೈಯನ್ನು ಹತ್ತಿರ ತನ್ನಿ, ಕಾವು ಇದ್ದರೆ ತಿಳಿಯುತ್ತದೆ. ಸುಟ್ಟ ಜಾಗವನ್ನು 20 ನಿಮಿಷ ನಲ್ಲಿ ನೀರಿನ ಕೆಳಗಿಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ.

ಬಾಯಿಂದ ಪಿಪೆಟ್ ಎಳೆಯುವ ರೂಢಿ ಇನ್ನೂ ಹೋಗಿಲ್ಲ. ಪಿಪೆಟ್ಟಿನ ತುದಿ ದ್ರಾವಣದ ಮಟ್ಟಕ್ಕಿಂತ ಒಂದು ಕೂದಲೆಳೆ ಮೇಲೆ ಬಂದರೂ ಗಾಳಿ ನುಗ್ಗಿ ಒಳಗಿದ್ದದ್ದೆಲ್ಲ ಸರ್ರನೆ ಬಾಯಿಗೆ ಬರುತ್ತದೆ. ಆಕ್ಸಾಲಿಕ್ ಆಮ್ಲ ವಿಷ, ಪರ್ಮಾಂಗನೇಟಂತೂ ಬಾಯಿಯ ಒಳಮೈಯನ್ನೇ ಸುಡಬಲ್ಲದು. ರಬ್ಬರ್ ಬಲ್ಬ್ ಹಾಕಿ, ಗುರುತಿಗಿಂತ ಎರಡು ಸೆಂಟಿಮೀಟರ್ ಮೇಲೆ ಎಳೆದು, ಬಲ್ಬ್ ತೆಗೆದು ತೋರುಬೆರಳಿಂದ ಮುಚ್ಚಿ, ಗುರುತಿಗೆ ಇಳಿಸಿದರೆ ಮುಗಿಯಿತು. ಮೂರು ಸಲ ಮಾಡಿದರೆ ಕೈಗೆ ಬರುತ್ತದೆ. ಬಾಯಿಗೆ ಏನಾದರೂ ಹೋದರೆ ನೀರಿನಿಂದ ಮುಕ್ಕಳಿಸಿ ಉಗುಳಿಸಿ, ವಾಂತಿ ಮಾಡಿಸಬೇಡಿ, ಬಾಟಲಿಯ ಚೀಟಿಯ ಫೋಟೊ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108.

ನೀರು ತಾಗಿದರೆ ಹೊತ್ತಿಕೊಳ್ಳಬಲ್ಲ ಲೋಹ ಸೋಡಿಯಂ, ಪ್ರಯೋಗಕ್ಕೆ ಒಂದೆರಡು ಅಕ್ಕಿಕಾಳಿನಷ್ಟು ಸಾಕು. ಸೀಮೆಎಣ್ಣೆಯಿಂದ ಇಕ್ಕಳದಲ್ಲಿ ತೆಗೆದು, ಒಣ ಟೈಲಿನ ಮೇಲೆ ಕತ್ತರಿಸಿ, ಶೋಧಕ ಕಾಗದದಲ್ಲಿ ಒರೆಸಿ ಬಳಸಬೇಕು. ಅವಘಡ ಆಗುವುದು ಸಾಮಾನ್ಯವಾಗಿ ಆಮೇಲೆ, ಒರೆಸಿದ ಕಾಗದವನ್ನೂ ಉಳಿದ ಚೂರನ್ನೂ ಯಾರೋ ಸಿಂಕಿಗೆ ಹಾಕಿದಾಗ. ಚೂರುಗಳನ್ನು ಉರಿಯಿಲ್ಲದ ಕಡೆ ಸ್ಪಿರಿಟ್ಟಿನಲ್ಲಿ ಒಂದೊಂದಾಗಿ ಹಾಕಿ, ಗುಳ್ಳೆ ಪೂರ್ತಿ ನಿಂತ ಮೇಲಷ್ಟೇ ನೀರು ಬೆರೆಸಿ. ಸೋಡಿಯಮ್ಮಿಗೂ ಮೆಗ್ನೀಸಿಯಮ್ಮಿಗೂ ಬೆಂಕಿ ಹತ್ತಿದರೆ ನೀರೂ ಬೇಡ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಬೇಡ. ಮೆಗ್ನೀಸಿಯಂ ಆ ಅನಿಲದೊಳಗೂ ಉರಿಯುತ್ತದೆ. ಒಣ ಮರಳು ಸುರಿಯಿರಿ. ಆಲ್ಡಿಹೈಡ್ ಪರೀಕ್ಷೆಗೆ ಮಾಡಿದ ಟಾಲೆನ್ಸ್ ದ್ರಾವಣವನ್ನು (ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟ್) ನಾಳೆಗೆಂದು ಎತ್ತಿಡುವುದು ಇಂಥದೇ ತಪ್ಪು. ನಿಂತಂತೆ ಅದರಲ್ಲಿ ಸ್ಫೋಟಕವಾದ ಬೆಳ್ಳಿಯ ಸಂಯುಕ್ತ ಹುಟ್ಟಬಹುದು. ಅಂದೇ ಮಾಡಿ, ಅಂದೇ ಸಾರರಿಕ್ತ ಆಮ್ಲ ಹಾಕಿ ಬೆಳ್ಳಿಯ ತ್ಯಾಜ್ಯದ ಜಾಡಿಗೆ ಸೇರಿಸಿ.

ಸೀಸ, ಬೇರಿಯಂ, ಕ್ರೋಮಿಯಂ ಲವಣಗಳು ಮೇಜಿನ ಮೇಲೆ ಕಾಣದಷ್ಟು ಉದುರಿರುತ್ತವೆ. ಲ್ಯಾಬಿನ ಅವಧಿ ಎಷ್ಟೋ ಕಡೆ ಊಟದ ಗಂಟೆಗೆ ಮುಂಚೆ ಬೀಳುತ್ತದೆ, ಮಕ್ಕಳು ನೇರವಾಗಿ ತಟ್ಟೆಯತ್ತ ಓಡುತ್ತಾರೆ. ಬಾಗಿಲ ಬಳಿ ಸಾಬೂನು ಇಟ್ಟು, ಉಗುರಿನ ಸಂದೂ ಸೇರಿ ಕೈ ತೊಳೆಸಿ ಕಳಿಸಿ. ಒಂದೂವರೆ ಗಂಟೆ ಅದೇ ಮೇಜಿನ ಮೇಲೆ ಬಿದ್ದಿದ್ದ ಪೆನ್ನನ್ನೂ ಒರೆಸಲು ಹೇಳಿ. ಮುಂದಿನ ಗಣಿತದ ತರಗತಿಯಲ್ಲಿ ಅದರ ತುದಿ ಯಾರದೋ ಹಲ್ಲಿನ ನಡುವೆ ಇರುತ್ತದೆ.